ಹತ್ತು ಬೆರಳಿನ ಧಾರೆ

ಮದುವೆ ನಮ್ಮ ಮನೆ ಮುಂದೆಯೇ ಆಗಬೇಕು ಎಂದು ಮಗಳು ಹೇಳಿದಾಗ ನೆಂಟರಿಷ್ಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಛತ್ರಗಳಿಗೇನು ಬರವೇ? ಕೋಲಾರದಲ್ಲಿವೆ, ಶ್ರೀನಿವಾಸಪುರದಲ್ಲಿವೆ, ಮುಳಬಾಗಿಲ ಕಡೆಯ ಹೆದ್ದಾರಿಯಲ್ಲೂ ಇವೆ. ದುಡ್ಡು ಕಟ್ಟಿದರೆ ಸಾಕು, ಬಾಗಿಲ ಹೂವಿನ ಕಮಾನಿನಿಂದ ಹಿಡಿದು ಊಟವಾದ ಮೇಲೆ ಬೀಡಾ ಕೊಡುವ ಹುಡುಗನವರೆಗೆ ಎಲ್ಲವೂ ಅವರದೇ ಏರ್ಪಾಟು. ಅಷ್ಟು ಸುಖವಾದ ದಾರಿಯಿರುವಾಗ ಹಳ್ಳಿಯ ಅಂಗಳದಲ್ಲಿ ಚಪ್ಪರ ಹಾಕಿ, ಒಲೆ ಹೂಡಿ, ಎಲೆ ಎತ್ತುವ ಉಸಾಬರಿ ಯಾಕೆ ಎಂದು ಭಾವನವರು ಕೇಳಿದರು. ಮಗಳು ಜಗ್ಗಲಿಲ್ಲ. "ಛತ್ರದಲ್ಲಿ ಆದರೆ ನೀವೆಲ್ಲ ಬಂದು ಹೋಗುತ್ತೀರಿ. ಮನೆ ಮುಂದೆ ಆದರೆ ನೀವೆಲ್ಲ ಸೇರಿ ಮಾಡುತ್ತೀರಿ" ಎಂದಳು. ನಾನು ಆಗಲೇ ಅವಳ ಪಕ್ಷಕ್ಕೆ ಸೇರಿಬಿಟ್ಟೆ.

ನಮ್ಮದು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ. ಮಾವಿನ ತೋಪು, ಒಂದಿಷ್ಟು ರಾಗಿ ಹೊಲ, ಕೊಟ್ಟಿಗೆಯಲ್ಲಿ ಹಸುಗಳು. ಊರಿನ ಮಹಿಳಾ ಹಾಲು ಉತ್ಪಾದಕರ ಸಂಘದ ಲೆಕ್ಕ ಬರೆಯುವವಳು ನಾನು. ಬೆಳಗ್ಗೆ ಸಂಜೆ ಕ್ಯಾನು ತೂಗಿ, ಫ್ಯಾಟು ನೋಡಿ, ಪುಸ್ತಕಕ್ಕೆ ಇಳಿಸುವುದೇ ನನ್ನ ಜೀವನದ ಕ್ರಮ. ಹದಿನೈದು ದಿನಕ್ಕೊಮ್ಮೆ ಬರುವ ಬಟವಾಡೆಯಲ್ಲಿ ಮೊದಲು ಹಿಂಡಿ ಬೂಸದ ಸಾಲ ಕಳೆದು, ಮಿಕ್ಕಿದ್ದರಲ್ಲಿ ಮಗಳ ಫೀಸು ಎತ್ತಿಟ್ಟು ಓದಿಸಿದೆವು. ಮಾವು ಒಂದು ವರ್ಷ ಕೈಹಿಡಿದರೆ ಇನ್ನೊಂದು ವರ್ಷ ಕೈಬಿಡುತ್ತದೆ. ಹಾಲು ಹಾಗಲ್ಲ, ದಿನಾ ಕೊಡುತ್ತದೆ. ಕೋಲಾರ ಜಿಲ್ಲೆಯಲ್ಲಿ ಎಷ್ಟೋ ಹೆಣ್ಣುಮಕ್ಕಳ ಮಾರ್ಕ್ಸ್ ಕಾರ್ಡಿನ ಹಿಂದೆ ಒಂದೊಂದು ಸೀಮೆಹಸು ನಿಂತಿದೆ ಎಂದು ನಾನು ಸಂಘದ ಸಭೆಯಲ್ಲೇ ಹೇಳಿದ್ದೇನೆ. ನಮ್ಮ ಹುಡುಗಿ ಕೋಲಾರದ ಟಮಕದ ತೋಟಗಾರಿಕೆ ಕಾಲೇಜಿನಲ್ಲಿ ಓದಿ, ಈಗ ರೈತರ ತೋಪುಗಳಿಗೆ ಹೋಗಿ ಯಾವ ಕೊಂಬೆ ಸವರಬೇಕು, ಜಿಗಿಹುಳಕ್ಕೆ ಯಾವಾಗ ಔಷಧಿ ಹೊಡೆಯಬೇಕು ಎಂದು ಹೇಳಿಕೊಡುತ್ತಾಳೆ. ತಲೆ ನರೆತ ಗಂಡಸರು ಟವೆಲು ಹೆಗಲಿಗೆ ಹಾಕಿಕೊಂಡು ಅವಳ ಮಾತು ಕೇಳುವುದನ್ನು ದೂರದಿಂದ ನೋಡಿ ನನ್ನ ಎದೆ ತುಂಬಿಬಂದಿದೆ. ಹೆತ್ತವಳಾಗಿ ಅದನ್ನು ಮುಚ್ಚಿಡಲು ನನಗೆ ಮನಸ್ಸಿಲ್ಲ.

ಹುಡುಗ ಮಾಲೂರು ತಾಲ್ಲೂಕಿನವನು, ಮಾಸ್ತಿ ಕಡೆಯವನು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1891ರಲ್ಲಿ ಹುಟ್ಟಿದ ಹುಂಗೇನಹಳ್ಳಿ ಅದೇ ತಾಲ್ಲೂಕಿನದು. ನನ್ನ ತವರು ಮುಳಬಾಗಿಲು. ಕಗ್ಗ ಬರೆದ ಡಿ.ವಿ.ಜಿ. 1887ರಲ್ಲಿ ಹುಟ್ಟಿದ ಊರು. ಹೆಣ್ಣು ನೋಡುವ ದಿನ ಹುಡುಗನ ತಂದೆ, "ನಿಮ್ಮ ಕಗ್ಗಕ್ಕೂ ನಮ್ಮ ಕಥೆಗೂ ಸಂಬಂಧ ಕೂಡಲಿ" ಎಂದು ನಕ್ಕರು. ಆ ನಗುವಿನಲ್ಲೇ ನನಗೆ ಮನೆತನ ಹಿಡಿಸಿತು. ಕೊಡುವುದು ಬಿಡುವುದು ಎಂಬ ಮಾತು ಅವರಾಗಿ ಎತ್ತಲಿಲ್ಲ. ನಮ್ಮ ಕಡೆಯ ಹಿರಿಯರೊಬ್ಬರು ಕೆದಕಿದಾಗ, "ಹುಡುಗನಿಗೆ ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸವಿದೆ, ಹುಡುಗಿಗೆ ವಿದ್ಯೆಯಿದೆ, ಇನ್ನೇನು ಬೇಕು?" ಎಂದು ವೀಳ್ಯದೆಲೆಗೆ ಸುಣ್ಣ ಸವರುತ್ತ ಕೂತರು. ವರದಕ್ಷಿಣೆ ನಿಷೇಧದ ಕಾನೂನು 1961ರಲ್ಲೇ ಬಂದಿದೆ. ಅದನ್ನು ಇಷ್ಟು ಸರಳವಾಗಿ ಪಾಲಿಸಿದ ಬೀಗರು ನಮಗೆ ಸಿಕ್ಕಿದ್ದು ನಮ್ಮ ಪುಣ್ಯ.

ಮನೆ ಮುಂದಿನ ಮದುವೆಗೆ ನಮ್ಮ ಸೀಮೆಯಲ್ಲಿ ದೊಡ್ಡ ಅಡ್ಡಿ ನೀರು. ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲದ ಜಿಲ್ಲೆ ನಮ್ಮದು. ಕೆರೆ ನಂಬಿ ಬದುಕಿದವರು, ಕೆರೆ ಬತ್ತಿದ ಮೇಲೆ ಕೊಳವೆಬಾವಿ ನಂಬಿದೆವು. ಸಾವಿರ ಅಡಿ ದಾಟಿದರೂ ಧೂಳು ಹಾರುವುದನ್ನು ರಿಗ್ಗಿನ ಪಕ್ಕ ನಿಂತು ನೋಡಿದವರೇ ಊರೆಲ್ಲ. ಛತ್ರದ ಮದುವೆಗಳು ಹೆಚ್ಚಿದ್ದಕ್ಕೆ ಶೋಕಿಯೊಂದೇ ಕಾರಣವಲ್ಲ. ಐನೂರು ಎಲೆ ಹಾಕಿದರೆ ಕೈತೊಳೆಯಲು ನೀರೆಲ್ಲಿಂದ ತರುವುದು ಎಂಬ ಭಯವೂ ಕಾರಣ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದು, ಅಲ್ಲಿಂದ ಕೆರೆಯಿಂದ ಕೆರೆಗೆ ಹರಿಯತೊಡಗಿತು. ಆಮೇಲೆ 2021ರ ಮಳೆ ಸುರಿದ ಪರಿಗೆ ಎಷ್ಟೋ ವರ್ಷ ಒಣಗಿದ್ದ ಕೆರೆಗಳು ಕೋಡಿ ಹರಿದವು. ನಮ್ಮೂರ ಕೆರೆಯೂ ತುಂಬಿತು, ಕೊಳವೆಬಾವಿಯ ನೀರು ಮೇಲೆ ಬಂತು. 2022ರ ವೈಶಾಖಕ್ಕೆ ಲಗ್ನ ಕಟ್ಟಿಸಿದೆವು. ಕುಡಿಯುವುದಕ್ಕೂ ಅಡುಗೆಗೂ ಶುದ್ಧ ನೀರಿನ ಘಟಕದ ಕ್ಯಾನು, ಮಿಕ್ಕಿದ್ದಕ್ಕೆಲ್ಲ ನಮ್ಮದೇ ಬೋರು. ಕೊರೊನಾ ಕಾಲದಲ್ಲಿ ಐವತ್ತೇ ಜನರ ಮಿತಿಯಲ್ಲಿ ಕೆಲವರು ಮನೆಯಲ್ಲೇ ಮದುವೆ ಮಾಡಿ ದಾರಿ ತೋರಿಸಿದ್ದರು. ಅವರು ನಿರ್ಬಂಧಕ್ಕೆ ಮಾಡಿದ್ದನ್ನು ನಾವು ಮನಸಾರೆ ಮಾಡಿದೆವು.

ಲಗ್ನಪತ್ರಿಕೆ ಅಚ್ಚಾಗಿ ಬಂದ ಕೂಡಲೇ ಅಂಚಿಗೆ ಅರಿಶಿನ ಹಚ್ಚಿ, ಮೊದಲ ಪ್ರತಿ ಕುರುಡುಮಲೆಗೆ ಒಯ್ದೆವು. ಮುಳಬಾಗಿಲಿನವಳಾದ ನನಗೆ ಆ ಗಣಪನ ಅಪ್ಪಣೆಯಿಲ್ಲದೆ ಶುಭಕಾರ್ಯ ಶುರುವಾಗುವುದಿಲ್ಲ. ಹದಿಮೂರು ಅಡಿಗೂ ಎತ್ತರದ ಆ ಏಕಶಿಲೆಯ ಮುಂದೆ ನಿಂತರೆ ಕತ್ತೆತ್ತಿಯೇ ಬೇಡಬೇಕು. ಚುನಾವಣೆ ಬಂದರೆ ದೊಡ್ಡ ದೊಡ್ಡ ನಾಯಕರೂ ಪ್ರಚಾರ ಶುರುಮಾಡಲು ಅಲ್ಲಿಗೇ ಬರುತ್ತಾರೆ. ನಾವು ಬಂದದ್ದು ಒಂದು ಮದುವೆಗಾಗಿ, ಪೂಜಾರಿ ನಮಗೂ ಅಷ್ಟೇ ದೊಡ್ಡ ಮಂಗಳಾರತಿ ಎತ್ತಿದರು. ಎರಡನೆಯ ಪ್ರತಿ ಕೋಲಾರಮ್ಮನಿಗೆ. ಚೇಳು ಕಡಿಯದಂತೆ ಕಾಯುವ ಚೇಳಮ್ಮನಿಗೂ ಕೈಮುಗಿದು ಹೊರಬಂದು, ಹತ್ತಿರದಲ್ಲೇ ಇರುವ ಸೋಮೇಶ್ವರನ ಗುಡಿಗೆ ಹೋದೆವು. ಅಲ್ಲಿ ವಿಜಯನಗರದ ಕಾಲದ ಕಲ್ಯಾಣ ಮಂಟಪವಿದೆ. ಕಂಬ ಕಂಬದಲ್ಲೂ ಕೈಚಳಕ ತುಂಬಿಕೊಂಡ ಕಲ್ಲಿನ ಚಪ್ಪರವದು. ದೇವರಿಗೂ ಮದುವೆ ಮಾಡಿಸಲು ಇಷ್ಟು ಚೆಂದದ ಮಂಟಪ ಕಟ್ಟಿದ ಊರಿನವರು ನಾವು ಎಂದು ಹೆಮ್ಮೆಯಾಯಿತು. ಬೀಗರು ತಮ್ಮ ಪಾಲಿನ ಮೊದಲ ಪತ್ರಿಕೆಯನ್ನು ಚಿಕ್ಕತಿರುಪತಿಯ ವೆಂಕಟರಮಣನಿಗೆ ಕೊಟ್ಟು ಬಂದರು. ಹೀಗೆ ಮನುಷ್ಯರಿಗಿಂತ ಮೊದಲು ಜಿಲ್ಲೆಯ ದೇವರುಗಳಿಗೆಲ್ಲ ಸುದ್ದಿ ಮುಟ್ಟಿತು.

ಚಪ್ಪರದ ದಿನ ಬೆಳಗಾಗುವ ಮೊದಲೇ ಊರಿನ ಹುಡುಗರು ಟ್ರ್ಯಾಕ್ಟರಿನಲ್ಲಿ ತೆಂಗಿನ ಗರಿ, ಹೊಂಗೆ ಸೊಪ್ಪು, ನೇರಳೆ ಸೊಪ್ಪು ಹೇರಿಕೊಂಡು ಬಂದರು. ಮಾವಿನ ಸೊಪ್ಪಿಗಂತೂ ಶ್ರೀನಿವಾಸಪುರದಲ್ಲಿ ಯಾರನ್ನೂ ಕೇಳಬೇಕಿಲ್ಲ. ಹನ್ನೆರಡು ಕಂಬದ ಹಸಿರು ಚಪ್ಪರ. ಹಾಲುಗಂಬಕ್ಕೆ ಅತ್ತಿಮರದ ಕೊಂಬೆ ಕಡಿದು ತರುವ ಹಕ್ಕು ಸೋದರಮಾವನದು. ನನ್ನ ತಮ್ಮ ಮುಳಬಾಗಿಲಿನಿಂದ ಹಿಂದಿನ ರಾತ್ರಿಯೇ ಬಂದು, ಸ್ನಾನ ಮಾಡಿ, ಮರಕ್ಕೆ ಪೂಜೆ ಸಲ್ಲಿಸಿ ಕೊಂಬೆ ತಂದ. ಮುತ್ತೈದೆಯರು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ನವಧಾನ್ಯದ ಗಂಟು ಕಟ್ಟಿ, ಗುಣಿಗೆ ಹಾಲು ತುಪ್ಪ ಬಿಟ್ಟರು. ಗಂಡಸರು ನೆಟ್ಟರು. ಆ ಹೊತ್ತಿಗೆ ಅಂಗಳದ ಬಣ್ಣವೇ ಬೇರೆಯಾಯಿತು. ಹಸಿ ಗರಿಯ ವಾಸನೆ, ಗರಿಯ ಸಂದಿಯಿಂದ ನೆಲಕ್ಕೆ ಬಿದ್ದ ಬಿಸಿಲ ಚುಕ್ಕಿಗಳು, ಅವುಗಳ ಮೇಲೆ ಕುಣಿಯುವ ಮಕ್ಕಳು. ಯಾವ ಛತ್ರದ ತೂಗುದೀಪವೂ ಅಂಥ ಬೆಳಕು ಕೊಡಲಾರದು.

ಸಂಜೆ ಕುಂಬಾರರ ಮನೆಯಿಂದ ಅರಿವೇಣಿ ತರಲು ಹೋದೆವು. ಸುಣ್ಣ ಕೆಮ್ಮಣ್ಣಿನ ಗೆರೆ ಎಳೆದ ಮಡಕೆಗಳನ್ನು ಹೆಂಗಸರು ತಲೆಯ ಮೇಲೆ ಹೊತ್ತು, ಮೇಲೆ ಬಟ್ಟೆಯ ಚಪ್ಪರ ಹಿಡಿಸಿಕೊಂಡು, ಮುಂದೆ ವಾಲಗ ಊದಿಸುತ್ತ ಊರ ಬೀದಿಯಲ್ಲಿ ಬಂದರು. ಮಡಿವಾಳರು ನಡೆಮಡಿ ಹಾಸಿದರು. ಬಳೆಗಾರರು ಹಸಿರು ಗಾಜಿನ ಬಳೆ ಬಿಚ್ಚಿ ಕೂತರು. ಎಂಟು ವರ್ಷದ ಹುಡುಗಿಯಿಂದ ಎಂಬತ್ತರ ಮುದುಕಿಯವರೆಗೆ ಕೈಗಳು ಸಾಲಾಗಿ ಬಂದವು. ಅವರವರ ಕೆಲಸಕ್ಕೆ ಅಕ್ಕಿ, ಬೇಳೆ, ಬೆಲ್ಲ, ದುಡ್ಡು, ಹೊಸ ಬಟ್ಟೆ ಕೊಟ್ಟು, ಎಲ್ಲರಿಗೂ ಚಪ್ಪರದಡಿ ಒಂದೇ ಪಂಕ್ತಿಯಲ್ಲಿ ಎಲೆ ಹಾಕಿದೆವು. ಹಿಂದೆ ಹಾಗಿರುತ್ತಿರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ದೂರ ಇತ್ತು. ಹಳೆಯ ಶಾಸ್ತ್ರ ಇರಲಿ, ಹಳೆಯ ದೂರ ಬೇಡ ಎಂದು ಮಗಳು ಮೊದಲೇ ಹೇಳಿದ್ದಳು. ಮನೆ ಮುಂದಿನ ಮದುವೆ ಎಂದರೆ ಎಲ್ಲವನ್ನೂ ಹಿಂದಕ್ಕೆ ತಿರುಗಿಸುವುದಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಹಳೆಯದೆಲ್ಲ ಒಳ್ಳೆಯದಲ್ಲ ಎಂದು ಕೋಲಾರದವರಿಗೆ ನೆನಪಿಸಲು ಒಂದು ಬೆಟ್ಟವೇ ಇದೆ. ಕೋಲಾರದ ಹತ್ತಿರದ ಸೀತಿ ಬೆಟ್ಟ. ಅಲ್ಲಿನ ಭೈರವನಿಗೆ ಬೆರಳು ಕೊಡುವ ಪದ್ಧತಿ ನಮ್ಮ ಸೀಮೆಯ ಒಕ್ಕಲಿಗರ ಒಂದು ಪಂಗಡದಲ್ಲಿತ್ತು. ಬಿ.ಎಲ್. ರೈಸ್ ಬರೆದ ಮೈಸೂರು ಗೆಜೆಟಿಯರಿನಲ್ಲಿ ಅದರ ವಿವರವಿದೆ. ಕಥೆ ಹೀಗೆ: ತಲೆಯ ಮೇಲೆ ಕೈಯಿಟ್ಟರೆ ಭಸ್ಮವಾಗುವ ವರ ಪಡೆದ ಅಸುರ ಶಿವನನ್ನೇ ಅಟ್ಟಿಸಿಕೊಂಡು ಬಂದ. ಹೊಲ ಉಳುತ್ತಿದ್ದ ಒಕ್ಕಲಿಗ ಭಯದಲ್ಲಿ ಶಿವ ಅಡಗಿದ ಜಾಗವನ್ನು ಬೆರಳಿಂದ ತೋರಿಸಿಬಿಟ್ಟ. ಅಸುರ ಸತ್ತ ಮೇಲೆ ಶಿವ ಆ ಬೆರಳನ್ನು ಕೇಳಿದ. ಬುತ್ತಿ ಹೊತ್ತು ಬಂದಿದ್ದ ಹೆಂಡತಿ ಅಡ್ಡ ಬಿದ್ದು, ಬೆರಳಿಲ್ಲದೆ ಇವನು ಉಳುವುದು ಹೇಗೆ, ಒಂದರ ಬದಲು ನನ್ನವು ಎರಡು ತಗೋ ಎಂದಳು. ಅಂದಿನಿಂದ ಆ ವಂಶದ ತಾಯಂದಿರು ಮೊದಲ ಮಗಳ ಕಿವಿ ಚುಚ್ಚಿಸಿ ಮದುವೆಗೆ ಅಣಿಮಾಡುವ ಮುಂಚೆ ತಮ್ಮ ಬಲಗೈಯ ಕೊನೆಯ ಎರಡು ಬೆರಳುಗಳ ತುದಿಗೆಣ್ಣು ಉಳಿಯಿಂದ ಕತ್ತರಿಸಿಕೊಳ್ಳಬೇಕಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಸರ್ಕಾರ ಇದನ್ನು ನಿಷೇಧಿಸಿತು. ಆಮೇಲೆ ಬೆರಳಿಗೆ ಚಿನ್ನ ಸುತ್ತಿ ಅದನ್ನೇ ಕಳಚಿ ಒಪ್ಪಿಸುವ ಸಂಕೇತ ಉಳಿಯಿತು.

ಇದನ್ನು ನನಗೆ ಓದಿ ಹೇಳಿದವಳು ಮಗಳೇ. ಆಗಿನ್ನೂ ಕಾಲೇಜಿನಲ್ಲಿದ್ದಳು. ಓದಿ ಮುಗಿಸಿ ನನ್ನ ಬಲಗೈ ತನ್ನ ಕೈಯಲ್ಲಿಟ್ಟುಕೊಂಡು ಕಿರುಬೆರಳು, ಉಂಗುರಬೆರಳು ಮುಟ್ಟಿ ನೋಡಿದಳು. ಕೊಡಲಿಯ ಹಿಡಿತಕ್ಕೆ, ಹಸುವಿನ ಕೆಚ್ಚಲಿಗೆ, ಲೆಕ್ಕದ ಪೆನ್ನಿಗೆ ಸವೆದ ಬೆರಳುಗಳು ಅವು. "ಅಮ್ಮಾ, ಉಳಿ ಹೋಯಿತು ಅಷ್ಟೆ, ಕತ್ತರಿಸುವುದು ನಿಂತಿಲ್ಲ" ಎಂದಳು. ಅವಳ ಮಾತಿನ ಅರ್ಥ ನಮ್ಮ ಸುತ್ತಮುತ್ತಲೇ ಇತ್ತು. ಮಗಳ ಮದುವೆಗೆ ಎರಡು ಮೂರು ವರ್ಷದ ಮಾವಿನ ಫಸಲನ್ನು ಮುಂಗಡವಾಗಿ ವ್ಯಾಪಾರಿಗೆ ಗುತ್ತಿಗೆ ಬರೆದುಕೊಟ್ಟು, ತಮ್ಮದೇ ತೋಪಿನಲ್ಲಿ ಕೂಲಿಗೆ ಕಾಯಿ ಕಿತ್ತವರಿದ್ದಾರೆ. ರಸ್ತೆ ಬದಿಯ ಎಕರೆ ಮಾರಿದವರಿದ್ದಾರೆ. ನೂರಿಪ್ಪತ್ತು ವರ್ಷ ನೆಲದಾಳದಿಂದ ದೇಶಕ್ಕೆ ಚಿನ್ನ ತೆಗೆದುಕೊಟ್ಟ ಜಿಲ್ಲೆಯಲ್ಲಿ, ಮಗಳ ಕೊರಳಿಗೆ ಚಿನ್ನ ಹಾಕಲು ಬಡ್ಡಿಗೆ ಸಾಲ ತಂದ ಮನೆಗಳಿಗೆ ಲೆಕ್ಕವಿಲ್ಲ. ಆ ಗಣಿಗಳೇ 2001ರ ಫೆಬ್ರುವರಿ 28ಕ್ಕೆ ಮುಚ್ಚಿದವು. ಸಾಲಗಳು ಮುಚ್ಚಲಿಲ್ಲ. ಅಂದೇ ಮಗಳು ನನ್ನಿಂದ ಮಾತು ತಗೊಂಡಳು: ನನ್ನ ಮದುವೆಗೆ ನೀನು ಏನನ್ನೂ ಕತ್ತರಿಸಿಕೊಡಬಾರದು.

ಮದುವೆಯ ವರ್ಷ ನಮ್ಮ ತೋಪಿನಲ್ಲಿ ಹೂವು ತಡವಾಗಿ, ಕಾಯಿ ಕಮ್ಮಿ ನಿಂತಿತ್ತು. ಆದರೂ ಒಂದು ಮರವನ್ನೂ ಗುತ್ತಿಗೆಗೆ ಕೊಡಲಿಲ್ಲ. ನನ್ನ ಅತ್ತೆಯ ಕೊರಳಲ್ಲಿದ್ದ ಹಳೆಯ ಸರದಿಂದ ತಾಳಿಗುಂಡು ಮಾಡಿಸಿದೆವು. ಧಾರೆ ಸೀರೆಗೆ, ಹುಡುಗನ ಬಟ್ಟೆಗೆ, ದಿನಸಿಗೆ ಹಾಲಿನ ಬಟವಾಡೆಯ ಉಳಿತಾಯ ಸಾಕಾಯಿತು. ತರಕಾರಿಗೆ ಕೈಯಿಂದ ಹೆಚ್ಚು ಖರ್ಚಾಗಲೇ ಇಲ್ಲ. ಕೋಲಾರದ ಎ.ಪಿ.ಎಂ.ಸಿ.ಗೆ ಟೊಮ್ಯಾಟೊ ಹಾಕುವ ನೆಂಟರು ಬಾಕ್ಸುಗಟ್ಟಲೆ ಇಳಿಸಿದರು, ಬೀಗರ ಕಡೆಯಿಂದ ಮಾಲೂರಿನ ಆಲೂಗಡ್ಡೆಯ ಮೂಟೆ ಬಂತು. ಹೂವು ಕೂಡ ಆ ಕಡೆಯದೇ. ನಸುಕಿನಲ್ಲಿ ಕಿತ್ತ ಸೇವಂತಿಗೆ ಗುಲಾಬಿ ಇನ್ನೂ ಇಬ್ಬನಿ ಆರದೆ ಬುಟ್ಟಿಯಲ್ಲಿ ಬಂದಿಳಿದವು.

ಅರಿಶಿನದ ಶಾಸ್ತ್ರಕ್ಕೆ ಮಗಳನ್ನು ಹಸೆಮಣೆಯ ಮೇಲೆ ಕೂರಿಸಿದಾಗ ಮುತ್ತೈದೆಯರು ಸುತ್ತ ನೆರೆದರು. ನನ್ನ ಅತ್ತೆ ನಡುಮನೆಯ ಬಾಗಿಲ ಹಿಂದೆ ನಿಂತಿದ್ದರು. ಮಾವನವರು ಹೋದಂದಿನಿಂದ ಇಂಥ ಹೊತ್ತಿನಲ್ಲಿ ಅವರು ನಿಲ್ಲುವ ಜಾಗ ಅದು. ಮಗಳು ಎದ್ದು ಹೋಗಿ ಅಜ್ಜಿಯ ಕೈಹಿಡಿದು ಕರೆತಂದು, "ನನಗೆ ಎಣ್ಣೆ ಒತ್ತಿ ನೀರೆರೆದು ಬೆಳೆಸಿದ ಕೈಯಿದು, ಮೊದಲ ಅರಿಶಿನ ಇದರದ್ದೇ" ಎಂದಳು. ಯಾರೂ ಸೊಲ್ಲೆತ್ತಲಿಲ್ಲ. ಅತ್ತೆಯ ಕೈ ಗದಗದ ನಡುಗಿತು. ಕೆನ್ನೆಗೆ ಹಚ್ಚಬೇಕಾದ ಅರಿಶಿನ ಮೊಮ್ಮಗಳ ಮೂಗಿಗೂ ಮೆತ್ತಿತು. ಆಮೇಲೆ ಒಬ್ಬ ಹಿರಿಯ ಹೆಂಗಸು ತಾನಾಗಿಯೇ ಸೋಬಾನೆ ಎತ್ತಿದಳು, ಉಳಿದವರು ದನಿಗೂಡಿಸಿದರು. ನಮ್ಮ ಕಡೆ ಸೋಬಾನೆ ಕನ್ನಡದಲ್ಲಿ ಶುರುವಾದರೆ ನಡುವೆ ತೆಲುಗಿಗೆ ಹೊರಳುತ್ತದೆ, ಮತ್ತೆ ಕನ್ನಡಕ್ಕೆ ಬರುತ್ತದೆ. ಆಂಧ್ರದ ಗಡಿಯಲ್ಲಿ ಹುಟ್ಟಿದ ನಮಗೆ ಎರಡೂ ಮನೆಮಾತೇ. ಬೀಗರನ್ನು ಕೆಣಕುವ ಹಾಡುಗಳಿಗಂತೂ ಎರಡು ಭಾಷೆಯೂ ಸಾಲಲಿಲ್ಲ, ನಕ್ಕು ನಕ್ಕು ಹೆಂಗಸರ ಕಣ್ಣಲ್ಲಿ ನೀರು ಬಂತು.

ಮುಹೂರ್ತ ಬೆಳಗಿನ ಜಾವದ್ದು. ಹಿಂದಿನ ವಾರವಷ್ಟೇ ಅಸಾನಿ ಚಂಡಮಾರುತದ ಮೋಡ ಕವಿದು ಮೇ ತಿಂಗಳಲ್ಲೇ ಸ್ವೆಟರು ಹಾಕಿಸಿತ್ತು. ರಾತ್ರಿ ಗಾಳಿ ಎದ್ದಾಗ ಯಜಮಾನರು ಚಪ್ಪರದ ಕಂಬಗಳನ್ನು ಒಂದೊಂದಾಗಿ ಮುಟ್ಟಿ ನೋಡಿಬಂದರು. ಅಂಗಳದ ಭಯಕ್ಕಿಂತ ತೋಪಿನ ಭಯ ದೊಡ್ಡದು. ಆಲಿಕಲ್ಲು ಬಿದ್ದರೆ ಕಾಯಿ ಉಳಿಯುವುದಿಲ್ಲ. ಆದರೆ ಬಿದ್ದದ್ದು ಬರೀ ಹನಿ ಮಳೆ. ಧೂಳು ಅಡಗಿ ನೆಲ ತಂಪಾಯಿತು. ಮಳೆ ಬಂದರೆ ಮದುವೆ ಕೆಟ್ಟಿತು ಎನ್ನುವ ನಾಡಲ್ಲ ನಮ್ಮದು. "ಹುಡುಗಿ ಕಾಲ್ಗುಣ ನೋಡು, ಮಳೆ ತಂದಳು" ಎಂದು ಬೀಗಿತಿ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಆ ಮಾತಿಗೆ ನಾನು ಅವರಿಗೆ ಜೀವಮಾನವಿಡೀ ಋಣಿ.

ಭಾಸಿಂಗ ಕಟ್ಟಿ ಎದುರುಬದುರು ನಿಲ್ಲಿಸಿ ನಡುವೆ ತೆರೆ ಹಿಡಿದರು. ಎರಡೂ ಕೈಗಳಲ್ಲಿ ಜೀರಿಗೆ ಬೆಲ್ಲ. ತೆರೆ ಸರಿದದ್ದೇ ಮಗಳು ಮುಂಗಾಲಲ್ಲಿ ನಿಂತು ಹುಡುಗನ ತಲೆಯ ಮೇಲೆ ಜೀರಿಗೆ ಬೆಲ್ಲ ಹಾಕಿದಳು. ಅವನು ತುಸು ಬಗ್ಗಿ ಕೊಟ್ಟ. ಆ ಬಗ್ಗುವಿಕೆಯನ್ನು ನಾನು ನೋಡಿದೆ. ಒಳ್ಳೆಯ ಗಂಡನಾಗುತ್ತಾನೆ ಎಂದು ಆ ಕ್ಷಣದಲ್ಲೇ ನಂಬಿದೆ. ತಾಳಿಯ ತಟ್ಟೆ ಸಾಲಿನಲ್ಲಿ ಹರಿದು ಬಂತು. ಹಾಲಿನ ಸಂಘದ ಹೆಂಗಸರು, ಚಪ್ಪರ ಹಾಕಿದ ಹುಡುಗರು, ಕೆ.ಜಿ.ಎಫ್. ಗಣಿಯಲ್ಲಿ ದುಡಿದು ನಿವೃತ್ತರಾದ ದೊಡ್ಡಪ್ಪ, ಅತ್ತೆ, ಎಲ್ಲರೂ ಮುಟ್ಟಿ ಹರಸಿದರು. ದೊಡ್ಡಪ್ಪ ತಾಳಿಯನ್ನು ತುಸು ಹೆಚ್ಚು ಹೊತ್ತೇ ಬೆರಳಲ್ಲಿ ಹಿಡಿದು, ಚಿನ್ನವನ್ನು ಬಲ್ಲ ಕಣ್ಣಿಂದ ನೋಡಿ, "ಬಂಗಾರದಂಥ ಬಾಳಾಗಲಿ" ಎಂದರು. ಗಟ್ಟಿಮೇಳ ಮೊಳಗಿತು, ಅಕ್ಷತೆ ಬಿತ್ತು.

ಆಮೇಲೆ ಧಾರೆ. ಮಗಳ ಕೈ, ಅಳಿಯನ ಕೈ, ಅವುಗಳ ಮೇಲೆ ತೆಂಗಿನಕಾಯಿ, ಕೆಳಗೆ ಯಜಮಾನರ ಕೈ. ಹೆತ್ತವಳು ಚೆಂಬಿನಿಂದ ನೀರು ಬಿಡಬೇಕು. ನಾನು ಎರಡೂ ಕೈಯಲ್ಲಿ ಚೆಂಬು ಹಿಡಿದೆ. ನೀರು ನನ್ನ ಬೆರಳುಗಳ ಮೇಲೆ ಹರಿದು, ಕಾಯಿಯ ಮೇಲೆ ಇಳಿದು, ಅವರಿಬ್ಬರ ಕೈ ತೋಯಿಸಿ, ಯಜಮಾನರ ಬೊಗಸೆ ತುಂಬಿತು. ಹತ್ತೂ ಬೆರಳು ನನ್ನ ಕೈಯಲ್ಲಿದ್ದವು. ಹಿಂದೆ ಈ ಸೀಮೆಯಲ್ಲಿ ಎಷ್ಟೋ ತಾಯಂದಿರು ಮೊಂಡು ಬೆರಳಿನ ಕೈಯಲ್ಲಿ ಈ ಧಾರೆ ಎರೆದಿರಬೇಕು ಎಂದು ನೆನೆದೆ. ಅವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಆ ನೀರಿನಲ್ಲಿ ಒಂದು ಹನಿ ಅವರಿಗೂ ಸಲ್ಲಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಮಗಳು ತಲೆಯೆತ್ತಿ ನನ್ನ ಬೆರಳುಗಳನ್ನೇ ನೋಡುತ್ತಿದ್ದಳು. ಅವಳಿಗೂ ಅದೇ ನೆನಪಾಗಿತ್ತು ಎಂದು ನನಗೆ ತಿಳಿಯಿತು.

ಬೆಳಗಿನ ತಿಂಡಿ ನನ್ನ ತವರಿನ ಪಾಲಿನದು. ಮುಳಬಾಗಿಲಿನ ಹುಡುಗಿಯ ಮಗಳ ಮದುವೆಯಲ್ಲಿ ಮುಳಬಾಗಿಲು ದೋಸೆ ಇಲ್ಲದೆ ಹೇಗೆ? ನನ್ನ ತಮ್ಮ ಕಾವಲಿ, ಹಿಟ್ಟು, ಬಾಣಸಿಗ ಮೂರನ್ನೂ ತಂದಿದ್ದ. ಅಂಗೈಯಗಲಕ್ಕಿಂತ ತುಸು ದೊಡ್ಡದಾಗಿ, ದಪ್ಪನಾಗಿ ಹುಯ್ದು, ತುಪ್ಪ ಬಿಟ್ಟು, ತಳ ಗರಿಗರಿ ಕೆಂಪಗಾಗುವವರೆಗೆ ಕಾಯಿಸಿ, ಕೆಂಪು ಚಟ್ನಿ ಸವರಿ, ಆಲೂಗಡ್ಡೆ ಪಲ್ಯ ಇಟ್ಟು ಕೊಡುವ ದೋಸೆ. ಮಾಲೂರಿನ ಬೀಗರು ಒಂದು ತಿಂದು, ಇನ್ನೊಂದು ಕೇಳಲು ಸಂಕೋಚಪಟ್ಟು, ಕೊನೆಗೆ ಕಾವಲಿಯ ಸುತ್ತಲೇ ಬಂದು ನಿಂತರು. ಮಧ್ಯಾಹ್ನದ ಊಟಕ್ಕೆ ಬಾಳೆಯೆಲೆಯ ತುಂಬ ಕೋಸಂಬರಿ, ಪಲ್ಯ, ಮಾವಿನಕಾಯಿ ಚಿತ್ರಾನ್ನ, ತುಪ್ಪದಲ್ಲಿ ಮುಳುಗಿದ ಒಬ್ಬಟ್ಟು, ಅದರ ಕಟ್ಟಿನ ಸಾರು. ರಸಪೂರಿ ಹಣ್ಣಿನ ಸೀಕರಣೆಯನ್ನು ಸೌಟು ಸೌಟು ಬಡಿಸಿದೆವು. ತೋತಾಪುರಿ ಗಡಿಯಾಚೆ ಚಿತ್ತೂರಿನ ತಿರುಳಿನ ಕಾರ್ಖಾನೆಗಳಿಗೆ ಲಾರಿ ಹತ್ತುವ ಹಣ್ಣು, ಬೇನಿಷಾ ಬಾದಾಮಿ ದೂರದ ಪೇಟೆಗಳಿಗೆ ಹೋಗುವ ಹಣ್ಣು. ರಸಪೂರಿ ಮಾತ್ರ ಮನೆಯಲ್ಲಿ ಉಳಿದು ಮದುವೆ ಉಂಡಿತು. ಬಡಿಸಿದವರು ಊರಿನ ಹುಡುಗರು. ಪಂಚೆ ಎತ್ತಿ ಕಟ್ಟಿ, "ಅಜ್ಜಾ, ಇನ್ನೊಂದೇ ಒಂದು ಒಬ್ಬಟ್ಟು" ಎಂದು ಎಲೆಯ ಮುಂದೆ ಕೂತು ಒತ್ತಾಯ ಮಾಡಿ ಹಾಕಿದರು. ದುಡ್ಡು ಕೊಟ್ಟು ಕರೆಸಿದ ಕೈ ಬಡಿಸಬಲ್ಲದು, ಒತ್ತಾಯ ಮಾಡಲಾರದು. ಮಾರನೆಯ ದಿನದ ಬೀಗರೂಟಕ್ಕೆ ಮುದ್ದೆ, ಮಟನ್ ಸಾರು. ಅದರ ಘಮಕ್ಕೆ ಊರಿಗೆ ಊರೇ ಸಾಕ್ಷಿ ಹೇಳುತ್ತದೆ.

ಮುಯ್ಯಿ ಬರೆಯಲು ಚಪ್ಪರದ ಮೂಲೆಯಲ್ಲಿ ಮೇಜು ಹಾಕಿಸಿ ಸಂಘದ ಹುಡುಗಿಯೊಬ್ಬಳನ್ನು ಕೂರಿಸಿದ್ದೆ. ಮುಯ್ಯಿ ಪುಸ್ತಕವೆಂದರೆ ಹಳ್ಳಿಯ ನಿಜವಾದ ಬ್ಯಾಂಕು. ನಮ್ಮ ಮನೆಯ ಟ್ರಂಕಿನಲ್ಲಿ ನನ್ನ ಮದುವೆಯ ಮುಯ್ಯಿ ಪುಸ್ತಕ ಇನ್ನೂ ಇದೆ. ಅದರಲ್ಲಿ ಐದು ರೂಪಾಯಿ, ಹನ್ನೊಂದು ರೂಪಾಯಿ, ಒಂದು ಸೇರು ಅಕ್ಕಿ ಎಂದೆಲ್ಲ ಬರೆದಿದೆ. ಅಂದು ಸೇರು ಅಕ್ಕಿ ಕೊಟ್ಟ ಮನೆಯ ಮೊಮ್ಮಗ ಇಂದು ಬೆಂಗಳೂರಿನಿಂದ ಬಂದು ಮುಯ್ಯಿ ಬರೆಸಿದ. ಕೊಟ್ಟದ್ದನ್ನು ಮರಳಿ ಕೊಡಬೇಕು, ಆದರೆ ಬಡ್ಡಿಯಿಲ್ಲ, ಗಡುವಿಲ್ಲ, ಅವರ ಮನೆಯ ಶುಭಕಾರ್ಯವೇ ವಾಯಿದೆ. ಬರದ ಸೀಮೆಯ ಜನ ಒಬ್ಬರಿಗೊಬ್ಬರು ಆತುಕೊಂಡು ಬದುಕಲು ಕಂಡುಕೊಂಡ ದಾರಿಯಿದು. ಸಾಲಗಾರನ ಬಾಗಿಲಿಗೆ ಹೋಗದಂತೆ ನಮ್ಮ ಮಾನ ಉಳಿಸಿದ್ದರಲ್ಲಿ ಈ ಪುಸ್ತಕದ ಪಾಲು ದೊಡ್ಡದು.

ಮನೆ ತುಂಬಿಸುವ ಹೊತ್ತಿಗೆ ಬೀಗರ ವ್ಯಾನು ಬಂದು ನಿಂತಿತು. ಮಡಿಲು ತುಂಬಿದೆ: ಅಕ್ಕಿ, ಕೊಬ್ಬರಿ, ಬೆಲ್ಲ, ಹಣ್ಣು. ಬಂದವರಿಗೆಲ್ಲ ತಾಂಬೂಲದ ಜೊತೆ ಒಂದೊಂದು ಕಸಿ ಮಾವಿನ ಸಸಿ ಕೊಟ್ಟೆವು. ಮಗಳು ಓಟೆ ಹಾಕಿ ಬೆಳೆಸಿದ ಸಸಿಗಳಿಗೆ ತಾನೇ ಕುಳಿತು ಕಸಿ ಕಟ್ಟಿದ್ದಳು. ಮುಂಗಾರಿಗೆ ನೆಟ್ಟರೆ ನಾಲ್ಕೈದು ವರ್ಷಕ್ಕೆ ಫಲಕ್ಕೆ ಬರುತ್ತದೆ ಎಂದು ಒಬ್ಬೊಬ್ಬರಿಗೂ ವಿವರಿಸುತ್ತಿದ್ದಳು. ಧಾರೆ ಸೀರೆ ಉಟ್ಟ ಮದುಮಗಳು ಗುಣಿಯ ಅಳತೆ, ಗೊಬ್ಬರದ ಲೆಕ್ಕ ಹೇಳುವುದನ್ನು ಎಲ್ಲರೂ ನಿಂತು ಕೇಳಿದರು. ಅವಳು ನನ್ನ ಮಗಳು ಎಂದು ಯಾರಿಗೂ ಹೇಳಬೇಕಿರಲಿಲ್ಲ, ಆದರೂ ಇಬ್ಬರು ಮೂವರಿಗೆ ಹೇಳಿದೆ. ಹೊರಡುವಾಗ ಅತ್ತಳು, ನಾನೂ ಅತ್ತೆ. ಶ್ರೀನಿವಾಸಪುರದಿಂದ ಮಾಲೂರು ಒಂದು ಹೊತ್ತಿನ ದಾರಿ, ಅಳುವಷ್ಟು ದೂರವೇನಲ್ಲ. ಆದರೂ ಅಳು ಬರಬೇಕಾದ್ದು, ಬಂತು.

ಮದುವೆಯಾದ ಮೇಲೆ ಲೆಕ್ಕ ಕೂಡಿಸಿದೆ. ಲೆಕ್ಕ ಬರೆಯುವವಳಿಗೆ ಅದು ಬಿಡದ ಅಭ್ಯಾಸ. ಹಾಲಿನ ಉಳಿತಾಯ, ಮುಯ್ಯಿ, ನೆಂಟರು ಇಳಿಸಿದ ಕಾಯಿಪಲ್ಯ, ಊರ ಹುಡುಗರ ದುಡಿಮೆ ಎಲ್ಲ ಸೇರಿ ಮದುವೆ ನಡೆದಿತ್ತು. ಸಾಲದ ಕಾಲಮ್ಮು ಖಾಲಿಯಿತ್ತು. ತೋಪು ನಮ್ಮದಾಗಿಯೇ ಉಳಿದಿತ್ತು. ಆ ವರ್ಷದ ಫಸಲು ಕಮ್ಮಿಯಾದರೂ ಕಿತ್ತದ್ದು ನಾವೇ, ಮಾರಿದ್ದೂ ನಾವೇ.

ಹೆಣ್ಣು ಹೆತ್ತ ನಮ್ಮ ಜಿಲ್ಲೆಯ ಅಪ್ಪ ಅಮ್ಮಂದಿರಿಗೆ ನನ್ನದೊಂದು ಕೋರಿಕೆ. ಮಗಳ ಮದುವೆಯನ್ನು ಸಂಭ್ರಮದಿಂದ ಮಾಡಿ, ಕಂಜೂಸುತನ ಬೇಡ. ಒಬ್ಬಟ್ಟಿಗೆ ತುಪ್ಪ ಧಾರಾಳವಾಗಿ ಬಿಡಿ, ವಾಲಗ ಊದಿಸಿ, ಊರನ್ನೆಲ್ಲ ಕರೆಯಿರಿ. ಅಂಗಳವಿದ್ದರೆ ಅಂಗಳದಲ್ಲೇ ಚಪ್ಪರ ಹಾಕಿ. ಆದರೆ ಮದುವೆಯ ಹೆಸರಲ್ಲಿ ಮರದ ಫಸಲು ಬರೆದುಕೊಡಬೇಡಿ, ಹೊಲ ಮಾರಬೇಡಿ, ವರದಕ್ಷಿಣೆ ಕೇಳುವ ಮನೆಗೆ ಮಗಳನ್ನು ಕೊಡಬೇಡಿ. ಆ ದುಡ್ಡಿದ್ದರೆ ಅವಳನ್ನು ಇನ್ನೂ ಎರಡು ವರ್ಷ ಓದಿಸಿ. ಭೈರವನೇ ಬೆರಳು ಬೇಡುವುದನ್ನು ಬಿಟ್ಟ ಮೇಲೆ ಮನುಷ್ಯರು ಬೇಡಿದರೆ ಕೊಡಬೇಕಾಗಿಲ್ಲ.